ಕೋಡಿ ಕಟ್ಟಿದವರು ಯಾರು?

ಎಲ್ಲರಿಗೂ ನಮಸ್ಕಾರ.

ನಾಲ್ಕು ಭಾನುವಾರ ಇದೇ ಹಾಲ್‌ನಲ್ಲಿ ಕೂತು ನಾಲ್ಕೂ ಮ್ಯಾಟ್ರಿಕ್ಸ್ ಸಿನಿಮಾ ನೋಡಿ ಮುಗಿಸಿದ್ದೀರಿ. ಹಾಗಾಗಿ ಕಥೆ ಹೇಳುತ್ತಾ ಕೂರುವುದಿಲ್ಲ. ಯಂತ್ರಗಳು ಮನುಷ್ಯರನ್ನು ಮಲಗಿಸಿ, ಮ್ಯಾಟ್ರಿಕ್ಸ್ ಅನ್ನುವ ಕಂಪ್ಯೂಟರಿನ ಸುಳ್ಳು ಜಗತ್ತನ್ನು ನಿಜ ಅಂತ ನಂಬಿಸಿವೆ, ಅಷ್ಟು ನೆನಪಿದ್ದರೆ ಸಾಕು. ಅದರಿಂದ ಎಚ್ಚರಾದ ನಿಯೋ ಯಾರು, ಅವನನ್ನು ಎಬ್ಬಿಸಿದ ಮಾರ್ಫಿಯಸ್ ಯಾರು, ಎಚ್ಚರ ಮಾಡಿಸುವ ಕೆಂಪು ಗುಳಿಗೆ ನುಂಗಿದರೆ ಏನಾಗುತ್ತದೆ, ಎಲ್ಲ ನಿಮಗೆ ಗೊತ್ತು. ಗೊತ್ತಿಲ್ಲದವರು ಪಕ್ಕದವರನ್ನು ಕೇಳಿ. ಅವರು ಹೇಳಿ ಮುಗಿಸುವಷ್ಟರಲ್ಲಿ ನನ್ನ ಮಾತೂ ಮುಗಿದಿರುತ್ತದೆ.

ಮೈಸೂರಿನಿಂದ ಮಂಡ್ಯಕ್ಕೆ ನಾನು ಓಡಿ ಬಂದಿದ್ದಕ್ಕೆ ಒಂದು ಕಾರಣ ಇದೆ. ಹೋದ ವಾರ ಸಿನಿಮಾ ಮುಗಿದ ಮೇಲೆ ಹಿರಿಯರೊಬ್ಬರು ಎದ್ದು ನಿಂತು, "ಇದರಲ್ಲಿ ಹೊಸದೇನಿದೆ? ಜಗತ್ತೆಲ್ಲ ಮಾಯೆ ಅಂತ ನಮ್ಮವರು ಯಾವತ್ತೋ ಹೇಳಿದ್ದಾರೆ" ಎಂದರಂತೆ. ಜೋರು ಚಪ್ಪಾಳೆ ಬಿತ್ತಂತೆ. ಆಯೋಜಕರು ಫೋನ್ ಮಾಡಿ ಇದನ್ನು ಹೇಳಿದಾಗ ನನಗೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಆ ಹಿರಿಯರು ಇವತ್ತೂ ಬಂದಿದ್ದಾರೆ. ಎರಡನೇ ಸಾಲಿನಲ್ಲಿ ಕೂತು ನಗುತ್ತಿದ್ದಾರೆ. ಸಾರ್, ನಿಮ್ಮ ಮೇಲೆ ನನಗೆ ತುಂಬಾ ಗೌರವ. ಆದರೆ ಆ ಚಪ್ಪಾಳೆಯ ಮೇಲೆ ಸ್ವಲ್ಪ ತಕರಾರಿದೆ.

ಮೊದಲು ನಿಮ್ಮ ಪಕ್ಷಕ್ಕೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡುತ್ತೇನೆ. 2003ರಲ್ಲಿ ಬಂದ ಮೂರನೇ ಭಾಗ ಮುಗಿದು ಹೆಸರುಗಳು ಓಡುವಾಗ ಹಿನ್ನೆಲೆಯಲ್ಲಿ ಬೃಹದಾರಣ್ಯಕ ಉಪನಿಷತ್ತಿನ 'ಅಸತೋ ಮಾ ಸದ್ಗಮಯ' ಕೇಳಿಸುತ್ತದೆ. ನೀವೆಲ್ಲ ಅಷ್ಟು ಹೊತ್ತಿಗೆ ಎದ್ದು ಚಪ್ಪಲಿ ಹುಡುಕುತ್ತಿದ್ದಿರಿ, ಆ ಮಾತು ಬೇರೆ. ಸಿನಿಮಾ ಮಾಡಿದ ವಾಚೌಸ್ಕಿ ಅಕ್ಕತಂಗಿಯರಿಗೆ ನಮ್ಮ ಕಡೆಯ ತತ್ವದ ಪರಿಚಯ ಇತ್ತು ಅನ್ನುವುದಕ್ಕೆ ಅಷ್ಟು ಸಾಕು.

ಆದರೂ ಒಂದು ದೊಡ್ಡ ವ್ಯತ್ಯಾಸ ಇದೆ. ನಮ್ಮ ಮಾಯೆಯಿಂದ ಯಾರಿಗೂ ಲಾಭವಿಲ್ಲ. ಅವಿದ್ಯೆಗೆ ಆಫೀಸಿಲ್ಲ, ಸೂಟು ಬೂಟು ಹಾಕಿದ ಏಜೆಂಟರಿಲ್ಲ, ಅದು ಯಾರನ್ನೂ ಅಟ್ಟಿಸಿಕೊಂಡು ಬರುವುದಿಲ್ಲ. ಮ್ಯಾಟ್ರಿಕ್ಸ್‌ಗೆ ಇದೆಲ್ಲ ಇದೆ. ಅದನ್ನು ಯಾರೋ ಕಟ್ಟಿದ್ದಾರೆ, ಯಾರೋ ನಡೆಸುತ್ತಿದ್ದಾರೆ, ಅದರಿಂದ ಯಾರಿಗೋ ಪ್ರಯೋಜನ ಇದೆ. ಕಟ್ಟಿದವರಿದ್ದಾರೆ ಅಂದಮೇಲೆ ಕೇಳಬೇಕಾದ ಪ್ರಶ್ನೆ 'ಇದು ನಿಜವೋ ಸುಳ್ಳೋ' ಅನ್ನುವುದಲ್ಲ. 'ಇದರ ಚಾವಿ ಯಾರ ಹತ್ತಿರ ಇದೆ' ಅನ್ನುವುದು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಅಭಿಮಾನಿಗಳು ತಲೆ ಕೆಡಿಸಿಕೊಂಡಿರುವುದು ಇದರ ಬಗ್ಗೆಯೇ. ಮಾಯೆ ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರೆ ಅವರೆಲ್ಲರ ಹೊಟ್ಟೆಪಾಡು ಏನಾಗಬೇಕು?

ಅಭಿಮಾನಿಗಳ ಸಿದ್ಧಾಂತ ಅಂದರೆ ಕೆಲವರಿಗೆ ತಮಾಷೆ. ಕೆಲಸವಿಲ್ಲದವರು ಮಾಡುವುದು ಅಂದುಕೊಳ್ಳುತ್ತಾರೆ. ಇದೆಲ್ಲ ಹೇಗೆ ಶುರುವಾಗುತ್ತದೆ ಅನ್ನುವುದಕ್ಕೆ ನಮ್ಮ ಹಾಸ್ಟೆಲ್ಲಿನ ಕಥೆ ಹೇಳುತ್ತೇನೆ. ಆಯೋಜಕರು ಗಡಿಯಾರ ನೋಡಬಾರದು.

ನಾನು ಆಗ ಇದೇ ಮಂಡ್ಯದಲ್ಲಿ ಓದುತ್ತಿದ್ದೆ. 1999ರಲ್ಲಿ ಮೊದಲ ಸಿನಿಮಾ ಬಂದಿತ್ತು, ನಮಗೆ ಸಿಕ್ಕಿದ್ದು ಮಾತ್ರ ಆಮೇಲೆ, ವಿಸಿಡಿಯಲ್ಲಿ. ಪರೀಕ್ಷೆ ಮುಗಿದ ದಿನ ಎಲ್ಲರೂ ದುಡ್ಡು ಹಾಕಿ ಟೀವಿ, ಪ್ಲೇಯರು, ಒಂದಷ್ಟು ವಿಸಿಡಿ ಬಾಡಿಗೆಗೆ ತರುವುದು ವಾಡಿಕೆ. ರಾತ್ರಿಯಿಡೀ ನೋಡಬೇಕು, ಬೆಳಿಗ್ಗೆ ವಾಪಸ್ ಕೊಡಬೇಕು. ಕನ್ನಡದ್ದು ಒಂದು, ತೆಲುಗಿನದು ಒಂದು, ಕೊನೆಗೆ ಇಂಗ್ಲಿಷಿನದು. ಅಂಗಡಿಯವನು "ಸಖತ್ ಫೈಟಿಂಗ್ ಇದೆ, ತಗೊಂಡೋಗಿ" ಅಂತ ಮ್ಯಾಟ್ರಿಕ್ಸ್ ಕೊಟ್ಟಿದ್ದ. ಎರಡು ಸಿಡಿ. ಮೊದಲನೆಯದು ಚೆನ್ನಾಗಿ ಓಡಿತು. ಮಾರ್ಫಿಯಸ್ ಗುಂಪಿನಲ್ಲೇ ಇದ್ದು ದ್ರೋಹ ಮಾಡುವ ಸೈಫರ್ ಹೋಟೆಲ್ಲಿನಲ್ಲಿ ಕೂತು ಮಾಂಸದ ತುಂಡನ್ನು ಫೋರ್ಕಿಗೆ ಚುಚ್ಚಿ, ಇದು ಸುಳ್ಳು ಅಂತ ನನಗೆ ಗೊತ್ತು, ಆದರೂ ರುಚಿಯಾಗಿದೆ ಅಂತ ಯಂತ್ರಗಳ ಏಜೆಂಟ್ ಸ್ಮಿತ್ ಎದುರಿಗೆ ಹೇಳುತ್ತಾನಲ್ಲ, ಅದರವರೆಗೂ ಬಂತು. ಇನ್ನೇನು ಭವಿಷ್ಯ ಹೇಳುವ ಒರಾಕಲ್ ಮನೆಗೆ ಹೋಗಬೇಕು, ಸಿಡಿ ಮುಗಿಯಿತು.

ಎರಡನೆಯದು ಹಾಕಿದೆವು. ಮಾರ್ಫಿಯಸ್ ಮುಖ ಚೌಕ ಚೌಕವಾಗಿ ಒಡೆದು ನಿಂತುಬಿಟ್ಟಿತು. ತೆಗೆದು ಬನಿಯನ್ನಿನಲ್ಲಿ ಒರೆಸಿದೆವು. ಆಗಲಿಲ್ಲ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಗೀರು ಹೋಗುತ್ತದೆ ಅಂದ ಒಬ್ಬ. ಹಚ್ಚಿದೆವು. ತೊಳೆದೆವು. ಹಾಕಿದರೆ ಈಗ ಮುಖವೂ ಬರಲಿಲ್ಲ, ನೀಲಿ ಪರದೆ ಬಂತು. ಬೆಳಿಗ್ಗೆ ಅಂಗಡಿಯವನು ಸಿಡಿ ಮೂಸಿ ನೋಡಿ, "ಪುದೀನ ವಾಸನೆ ಬರ್ತಾ ಇದೆಯಲ್ಲ" ಅಂದ. ಅದು ಬೇರೆ ಜಗಳ.

ಮುಖ್ಯ ವಿಷಯ ಏನೆಂದರೆ, ಅರ್ಧ ಸಿನಿಮಾ ನೋಡಿ ಮಿಕ್ಕಿದ್ದು ಏನಾಯಿತು ಅಂತ ಗೊತ್ತಿಲ್ಲದೆ ಹತ್ತು ಹನ್ನೆರಡು ಹುಡುಗರು ರಾತ್ರಿ ಎರಡು ಗಂಟೆಗೆ ಕೂತಿದ್ದೆವು. ಸುಮ್ನೆ ಮಲಗುತ್ತಾರಾ? ಒಬ್ಬೊಬ್ಬ ಒಂದೊಂದು ಕಥೆ ಕಟ್ಟಿದ. ಮಾರ್ಫಿಯಸ್ಸೇ ಕಳ್ಳ ಅಂದ ಒಬ್ಬ. ನಿಯೋ ಪ್ರೀತಿಸುವ ಟ್ರಿನಿಟಿ ಸಾಯುತ್ತಾಳೆ, ನಿಯೋ ಸೇಡು ತೀರಿಸಿಕೊಳ್ಳುತ್ತಾನೆ ಅಂದ ಇನ್ನೊಬ್ಬ. ಅವನು ಜಾಸ್ತಿ ತೆಲುಗು ಸಿನಿಮಾ ನೋಡುತ್ತಿದ್ದ. ಪಾಂಡವಪುರದ ಕಡೆಯ ಗೆಳೆಯನೊಬ್ಬ ಗೋಡೆಗೆ ಒರಗಿ ಅಲ್ಲಿಯವರೆಗೂ ಮಾತಾಡದೆ ಕೂತಿದ್ದ. ಅವನ ಅಪ್ಪ ಊರಿನ ಕೆರೆಗೆ ನೀರುಗಂಟಿ, ಅಂದರೆ ಕೆರೆ ನೋಡಿಕೊಂಡು ಗದ್ದೆಗಳಿಗೆ ನೀರು ಬಿಡುವವನು. ಅವನು ಕೇಳಿದ: "ಅಲ್ಲ ಕಣ್ಲಾ, ಊರೆಲ್ಲ ಆ ಮಿಶನ್ನಿಂದೇ. ಕರೆಂಟು ಅದ್ರುದ್ದೇ, ರೋಡು ಅದ್ರುದ್ದೇ. ಆ ಟೆಲಿಫೋನ್ ತಂತಿ ಮಾತ್ರ ಯಾಕ್ ಬುಟ್ಟದೆ? ಕಿತ್ತಾಕುದ್ರೆ ಒಬ್ನೂ ಆಚಿಕ್ ಓಗಕ್ಕಾಗಕಿಲ್ಲ."

ಎಲ್ಲರೂ ಸುಮ್ಮನಾದೆವು. ಅವನೇ ಹೇಳಿದ: "ಅದು ಕೋಡಿ ಕಣ್ಲಾ. ಬೇಕೂಂತ್ಲೇ ಬುಟ್ಟವ್ರೆ."

ಕೋಡಿ ಅಂದರೆ ಏನು ಅಂತ ಮಂಡ್ಯದಲ್ಲಿ ವಿವರಿಸಿದರೆ ನೀವು ನನ್ನನ್ನು ಎಬ್ಬಿಸಿ ಕಳಿಸುತ್ತೀರಿ. ಆದರೂ ಹಿಂದಿನ ಸಾಲಿನಲ್ಲಿ ಬೆಂಗಳೂರಿನಿಂದ ಬಂದ ಮೊಮ್ಮಕ್ಕಳು ಇದ್ದ ಹಾಗಿದೆ, ಅವರಿಗೋಸ್ಕರ. ಕೆರೆ ಕಟ್ಟುವವನು ಏರಿ ಹಾಕುವಾಗಲೇ ಒಂದು ಕಡೆ ಏರಿಗಿಂತ ತಗ್ಗಿನಲ್ಲಿ ಕಲ್ಲು ಹಾಸಿ ದಾರಿ ಬಿಟ್ಟಿರುತ್ತಾನೆ. ಮಳೆ ಜಾಸ್ತಿಯಾಗಿ ಕೆರೆ ತುಂಬಿದರೆ ಹೆಚ್ಚಾದ ನೀರು ಅಲ್ಲಿಂದ ಹೊರಗೆ ಹೋಗಬೇಕು. ಇಲ್ಲದಿದ್ದರೆ ಏರಿಯೇ ಒಡೆಯುತ್ತದೆ. ಕೋಡಿ ಬಿದ್ದರೆ ಊರಿಗೇ ಹಬ್ಬ. ಧುಮುಕುವ ನೀರಿಗೆ, ನಾನು ಕೆರೆಯಿಂದ ತಪ್ಪಿಸಿಕೊಂಡೆ ಅನ್ನಿಸಬಹುದು. ಆದರೆ ಅದು ಎಲ್ಲಿಂದ ತಪ್ಪಿಸಿಕೊಳ್ಳಬೇಕು ಅಂತ ಕೆರೆ ಕಟ್ಟಿದವನೇ ಗುರುತು ಹಾಕಿಟ್ಟಿದ್ದಾನೆ.

ಈ ಹುಡುಗ ಇಷ್ಟು ಹೇಳಿದಾಗ ಎರಡನೇ ಸಿನಿಮಾ ಬಂದಿರಲಿಲ್ಲ. ಅಷ್ಟೇ ಯಾಕೆ, ಮೊದಲನೆಯದರ ಎರಡನೇ ಅರ್ಧವನ್ನೇ ಅವನು ನೋಡಿರಲಿಲ್ಲ. ಆ ಅರ್ಧದಲ್ಲಿ ಏಜೆಂಟರು ಒಂದು ಕಟ್ಟಡದ ಫೋನ್ ತಂತಿ ಕತ್ತರಿಸುತ್ತಾರೆ, ನೆನಪಿದೆಯಾ? ಕಿಟಕಿಗೆಲ್ಲ ಇಟ್ಟಿಗೆ ಗೋಡೆ ಬಂದುಬಿಡುತ್ತದೆ. ಅಂದರೆ ಕತ್ತರಿಸಲು ಬರುತ್ತದೆ. ಬೇಕೆಂದಾಗ ಕತ್ತರಿಸುತ್ತಾರೆ. ಹಾಗಿದ್ದ ಮೇಲೆ ಮಿಕ್ಕ ದಿನವೆಲ್ಲ ಯಾಕೆ ಬಿಟ್ಟಿದ್ದಾರೆ? ಅವನ ಪ್ರಶ್ನೆ ಇನ್ನೂ ಗಟ್ಟಿಯಾಯಿತು.

2003ರಲ್ಲಿ 'ರೀಲೋಡೆಡ್' ಬಂತು. ಬಿಳಿ ಗಡ್ಡ, ಬಿಳಿ ಸೂಟು, ಸುತ್ತ ಗೋಡೆ ತುಂಬ ಟೀವಿ. ಮ್ಯಾಟ್ರಿಕ್ಸ್ ಕಟ್ಟಿದ ಆರ್ಕಿಟೆಕ್ಟ್ ಕೂತು ನಿಯೋಗೆ ಲೆಕ್ಕ ಒಪ್ಪಿಸುತ್ತಾನೆ. ಕಂದಾಯ ಇಲಾಖೆಯ ಹಳೇ ಶಿರಸ್ತೇದಾರರ ಧಾಟಿ. ಎಲ್ಲರನ್ನೂ ಬಿಡಿಸಲು ಬರುವ ಆ ಒಬ್ಬ ನೀನೇ ಅಂತ ನಂಬಿದ್ದಾರಲ್ಲ, ಅಂಥವರಲ್ಲಿ ನೀನು ಮೊದಲನೆಯವನಲ್ಲ, ಆರನೆಯವನು. ಎಚ್ಚರಾಗಿ ಹೊರಗೆ ಬಂದವರು ಇರುವ ಜಯಾನ್ ನಗರವನ್ನು ಈಗಾಗಲೇ ಐದು ಸಲ ಒರೆಸಿಹಾಕಿದ್ದೇವೆ. ಈಗ ನೀನು ಮ್ಯಾಟ್ರಿಕ್ಸ್‌ನಿಂದ 23 ಜನರನ್ನು ಆರಿಸಿಕೋ, 16 ಹೆಂಗಸರು, 7 ಗಂಡಸರು, ಹೋಗಿ ಜಯಾನ್ ಮತ್ತೆ ಕಟ್ಟು. ಇಷ್ಟೇ ಅವನು ಹೇಳುವುದು, ಸ್ವಲ್ಪ ಕಷ್ಟದ ಇಂಗ್ಲಿಷಿನಲ್ಲಿ.

ಯಂತ್ರಗಳು ಕಟ್ಟಿದ ಮೊದಲ ಮ್ಯಾಟ್ರಿಕ್ಸ್‌ನಲ್ಲಿ ಯಾವ ಕಷ್ಟವೂ ಇರಲಿಲ್ಲ, ಜನ ಒಪ್ಪಲಿಲ್ಲ. ಎರಡನೆಯದರಲ್ಲಿ ಮನುಷ್ಯರ ಕಷ್ಟ, ಕ್ರೌರ್ಯ ಎಲ್ಲ ಸೇರಿಸಿದರು, ಆಗಲೂ ಆಗಲಿಲ್ಲ. ಕೊನೆಗೆ ಒರಾಕಲ್ ದಾರಿ ಹುಡುಕಿದಳು: ಜನಕ್ಕೆ ಆಯ್ಕೆ ಕೊಡಿ. ಆಯ್ಕೆ ಇದೆ ಅಂತ ಒಳಮನಸ್ಸಿಗೆ ಎಲ್ಲೋ ಗೊತ್ತಿದ್ದರೂ ಸಾಕು, ನೂರಕ್ಕೆ 99 ಜನ ಒಪ್ಪಿಕೊಳ್ಳುತ್ತಾರೆ. ಮಿಕ್ಕ ಒಬ್ಬ ಒಪ್ಪುವುದಿಲ್ಲ. ಆ ಒಬ್ಬೊಬ್ಬರೇ ಸೇರುತ್ತಾ ಹೋದರೆ ಏರಿ ಒಡೆಯುತ್ತದೆ. ಅವರಿಗಾಗಿ ಜಯಾನ್.

ಅಂದರೆ ಕೋಡಿ! ಟೂತ್‌ಪೇಸ್ಟ್ ಹಚ್ಚಿದ ಸಿಡಿ ಪಕ್ಕ ಕೂತು ನೀರುಗಂಟಿಯ ಮಗ ಹೇಳಿದ್ದನ್ನೇ ಆರ್ಕಿಟೆಕ್ಟ್ ಹೇಳಿದ್ದು. ದಂಗೆಯೇ ನಿಯಂತ್ರಣದ ಒಂದು ಭಾಗ.

ಅಭಿಮಾನಿಗಳ ಲೋಕದಲ್ಲಿ ಇದಾದ ಮೇಲೆ ನಡೆದಿದ್ದು ದೊಡ್ಡ ಜಾತ್ರೆ. ಒಂದಕ್ಕಿಂತ ಒಂದು ದೊಡ್ಡ ಸಿದ್ಧಾಂತ. ಎಲ್ಲದರಲ್ಲೂ ಪ್ರಸಿದ್ಧವಾದದ್ದು ಮ್ಯಾಟ್ರಿಕ್ಸ್ ಒಳಗೆ ಮ್ಯಾಟ್ರಿಕ್ಸ್. 'ರೀಲೋಡೆಡ್' ಕೊನೆಯಲ್ಲಿ ನಿಯೋ ನಿಜವಾದ ಜಗತ್ತಿನಲ್ಲಿ ಕೈ ಚಾಚಿ ಯಂತ್ರಗಳನ್ನು ನಿಲ್ಲಿಸಿಬಿಡುತ್ತಾನೆ, ಆಮೇಲೆ ಪ್ರಜ್ಞೆ ತಪ್ಪಿ ಬೀಳುತ್ತಾನೆ. ಹೊರಗಿನ ಜಗತ್ತಿನಲ್ಲಿ ಇವನಿಗೆ ಈ ಶಕ್ತಿ ಎಲ್ಲಿಂದ ಬಂತು? ಹಾಗಾದರೆ ಹೊರಗೂ ಸುಳ್ಳೇ, ಒಪ್ಪದ ಆ ಒಂದು ಪಾಲಿನವರಿಗೆ ಅಂತಲೇ ಮಾಡಿದ ಎರಡನೇ ಪದರ ಅದು, ಅಂದರು. ಮುಂದಿನ ಭಾಗದಲ್ಲಿ ನಿಯೋ ಸಿಕ್ಕಿಬೀಳುವ ರೈಲು ನಿಲ್ದಾಣದ ಹೆಸರು ಮೊಬಿಲ್. ಇಂಗ್ಲಿಷಿನಲ್ಲಿ ಆ ಅಕ್ಷರ ಹಿಂದೆ ಮುಂದೆ ಮಾಡಿದರೆ ಲಿಂಬೋ, ಅಂದರೆ ಅತ್ತಲೂ ಅಲ್ಲದ ಇತ್ತಲೂ ಅಲ್ಲದ ಜಾಗ. ಇಂಥದ್ದು ಸಿಕ್ಕರೆ ಅಭಿಮಾನಿಗಳಿಗೆ ಅವತ್ತು ಊಟ ಬೇಡ.

ಇಲ್ಲಿ ಬೇಕಾದರೆ ನಮ್ಮ ಕನಕದಾಸರನ್ನು ಕರೆಯೋಣ ಸಾರ್. ನೀನು ಮಾಯೆಯೊಳಗೋ, ಮಾಯೆ ನಿನ್ನೊಳಗೋ ಅಂತ ಕೇಳಿದವರು ಅವರು. ಈ ಸಿದ್ಧಾಂತದವರಿಗಿಂತ ಚೆನ್ನಾಗಿ ಕೇಳಿದ್ದಾರೆ. ಆದರೆ ಕನಕದಾಸರಿಗೆ ಅದು ದೇವರ ಎದುರಿನ ಬೆರಗು. ಇವರಿಗೆ ಇದು ಕಥೆಯ ತೂತು ಮುಚ್ಚುವ ತೇಪೆ. ಎರಡನೇ ಪದರ ಒಪ್ಪಿದರೆ ಮೂರನೆಯದು ಯಾಕಿರಬಾರದು? ನಾಲ್ಕನೆಯದು? ಎಲ್ಲೂ ನಿಲ್ಲುವುದಿಲ್ಲ. ಒರಾಕಲ್ ತನ್ನ ಮಟ್ಟಿಗೆ ಒಂದು ವಿವರಣೆ ಕೊಡುತ್ತಾಳೆ, ಅವನ ಶಕ್ತಿ ಯಂತ್ರಗಳ ಮೂಲದವರೆಗೂ ತಲುಪುತ್ತದೆ ಅಂತ. ನನಗೆ ಅಷ್ಟು ಸಾಕು. ಸಾಲದು ಅನ್ನುವವರಿಗೆ 2021ರ 'ರೆಸರೆಕ್ಷನ್ಸ್' ಆ ಬಾಗಿಲು ಮುಚ್ಚಿದೆ. ಅಲ್ಲಿ ಹೊರಗಿನ ಜಗತ್ತು ಹೊರಗಿನ ಜಗತ್ತೇ. ಅಲ್ಲಿ ಕೆಲವು ಯಂತ್ರಗಳು ಮನುಷ್ಯರ ಜೊತೆ ಸೇರಿ ಹಣ್ಣು ಬೆಳೆಯುತ್ತವೆ.

ಇನ್ನೊಂದು ಸಿದ್ಧಾಂತ ನನಗೆ ನಿಜವಾಗಿ ಇಷ್ಟ. ಕಾದು ಕೂತಿದ್ದ ಆ ಒಬ್ಬ ನಿಯೋ ಅಲ್ಲ, ಸ್ಮಿತ್ ಅನ್ನುವುದು. ನಗಬೇಡಿ. ಮ್ಯಾಟ್ರಿಕ್ಸ್ ಒಳಗೆ ಹುಟ್ಟಿದವನು, ಬೇಕಾದ್ದನ್ನು ಬೇಕಾದ ಹಾಗೆ ಬದಲಾಯಿಸಬಲ್ಲವನು ಅಂತ ಮಾರ್ಫಿಯಸ್ ಮೊದಲೇ ವರ್ಣಿಸುತ್ತಾನೆ. ನಿಯೋ ದೇಹ ಇದ್ದದ್ದು ಹೊರಗೆ, ತೊಟ್ಟಿಯಲ್ಲಿ. ಪೂರ್ತಿ ಒಳಗೇ ಹುಟ್ಟಿದವನು ಸ್ಮಿತ್. ಸತ್ತು ಎದ್ದು ಬಂದವನು. ಊರಿಗೆ ಊರನ್ನೇ ತನ್ನ ಹಾಗೆ ಮಾಡಿಕೊಂಡವನು. ಅವನು ಅಳಿದಾಗಲೇ ಯುದ್ಧ ನಿಂತಿದ್ದು.

ಸ್ಮಿತ್ ದಂಗೆ ಶುರುವಾಗುವ ಕ್ಷಣ ನೋಡಿದ್ದೀರಾ? ಎಷ್ಟು ಜನರ ಕಣ್ಣಿಗೆ ಬಿತ್ತೋ ಗೊತ್ತಿಲ್ಲ. ಮೊದಲ ಸಿನಿಮಾ. ಮಾರ್ಫಿಯಸ್‌ನನ್ನು ಕುರ್ಚಿಗೆ ಕಟ್ಟಿದ್ದಾರೆ. ಸ್ಮಿತ್ ಜೊತೆಯವರನ್ನು ಹೊರಗೆ ಕಳಿಸುತ್ತಾನೆ. ಆಮೇಲೆ ಕಿವಿಯಲ್ಲಿದ್ದ ಆ ಸಣ್ಣ ಫೋನು ಇದೆಯಲ್ಲ, ಅದನ್ನು ಎಳೆದು ತೆಗೆಯುತ್ತಾನೆ. ಕನ್ನಡಕ ತೆಗೆಯುತ್ತಾನೆ. ಈ ಜಾಗ ಕಂಡರೆ ನನಗೆ ಆಗುವುದಿಲ್ಲ, ಈ ವಾಸನೆ ತಡೆಯಲು ಆಗುವುದಿಲ್ಲ, ನಾನು ಇಲ್ಲಿಂದ ಹೋಗಬೇಕು, ಅನ್ನುತ್ತಾನೆ. ಬಾಗಿಲು ತೆಗೆದು ಇನ್ನಿಬ್ಬರು ಏಜೆಂಟರು ಬರುತ್ತಾರೆ, ಏನು ಮಾಡುತ್ತಿದ್ದೆ ಅಂತ ಕೇಳುತ್ತಾರೆ. ಸ್ಮಿತ್ ಉತ್ತರ ಕೊಡುವುದಿಲ್ಲ. ಮೇಲಿನವರಿಗೆ ಕೇಳಿಸಬಾರದು ಅಂತ ಕಿವಿಯ ವೈರು ಕಿತ್ತ ಒಬ್ಬ ನಿಷ್ಠಾವಂತ ನೌಕರ! ಸರ್ಕಾರಿ ನೌಕರಿಯಲ್ಲಿ ಇರುವವರು ಈ ಹಾಲ್‌ನಲ್ಲಿ ತುಂಬಾ ಜನ ಇದ್ದೀರಿ. ಮೀಟಿಂಗ್ ಹೊತ್ತಿನಲ್ಲಿ ಫೋನ್ ಆಫ್ ಮಾಡಿ ಬೈದುಕೊಂಡಿದ್ದು ನೆನಪಾಗುತ್ತಿರಬೇಕು. ಮುಂದಿನ ಸಿನಿಮಾದ ಆರಂಭದಲ್ಲಿ ಅದೇ ಕಿವಿಯ ಫೋನನ್ನು ಒಂದು ಕವರಿನಲ್ಲಿ ಹಾಕಿ ನಿಯೋಗೆ ತಲುಪಿಸುತ್ತಾನೆ, ನನ್ನನ್ನು ಬಿಡಿಸಿದ್ದು ನೀನೇ ಅಂತ. ರಾಜೀನಾಮೆ ಪತ್ರ ಅಂದರೆ ಅದು.

ಸ್ಮಿತ್‌ಗೆ ಯಾರೂ ಕೋಡಿ ಕಟ್ಟಿರಲಿಲ್ಲ. ಇದನ್ನು ಸ್ವಲ್ಪ ಹೊತ್ತು ತಲೆಯಲ್ಲಿ ಇಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಬ್ಯಾಟರಿ ವಿಷಯ ಬೇಗ ಮುಗಿಸುತ್ತೇನೆ. ಮನುಷ್ಯರ ಮೈಯಿಂದ ಯಂತ್ರಗಳು ಕರೆಂಟು ತೆಗೆಯುತ್ತವೆ ಅನ್ನುವುದು ಮಾರ್ಫಿಯಸ್ ಹೇಳುವ ಕಥೆ. 120 ವೋಲ್ಟಿನ ಬ್ಯಾಟರಿಗಿಂತ ಜಾಸ್ತಿಯಂತೆ. ಹೈಸ್ಕೂಲು ವಿಜ್ಞಾನದ ಮೇಷ್ಟ್ರು ಯಾರಾದರೂ ಇದ್ದರೆ ಅವರ ಮುಖ ನೋಡಿ. ಸುಮ್ಮನೆ ಕೂತ ಮನುಷ್ಯನ ಮೈಯಿಂದ ಹೊರಗೆ ಬರುವ ಶಾಖ ಸುಮಾರು 100 ವ್ಯಾಟ್. ಅದೂ ಅವನು ತಿಂದ ಊಟದಿಂದ ಬಂದಿದ್ದು. ಹಾಕಿದ್ದಕ್ಕಿಂತ ಜಾಸ್ತಿ ವಾಪಸ್ ಬರುವುದಿಲ್ಲ. ಕರೆಂಟೇ ಬೇಕಿದ್ದರೆ ಹಸು ಸಾಕಬಹುದಿತ್ತು, ಹಸು ದಂಗೆ ಏಳುವುದಿಲ್ಲ. ಅದಕ್ಕೇ ಅಭಿಮಾನಿಗಳು ಬೇರೆ ಬೇರೆ ಕಾರಣ ಹುಡುಕಿದರು. ಯಂತ್ರಗಳಿಗೆ ಬೇಕಿದ್ದದ್ದು ನಮ್ಮ ಮಿದುಳಿನ ಲೆಕ್ಕಾಚಾರದ ಶಕ್ತಿ ಅಂದರು ಕೆಲವರು. ನನಗೆ ಹಿಡಿಸಿದ್ದು ಇನ್ನೊಂದು. ಯಂತ್ರಗಳು ಕರುಣೆಯಿಂದ ನಮ್ಮನ್ನು ಉಳಿಸಿಕೊಂಡಿವೆ. 2003ರದೇ ಆನಿಮ್ಯಾಟ್ರಿಕ್ಸ್ ಕಿರುಚಿತ್ರಗಳಲ್ಲಿ ಯುದ್ಧದ ಹಿಂದಿನ ಕಥೆ ಬರುತ್ತದೆ. ಶಾಂತಿ ಕೇಳಿಕೊಂಡು ಬಂದ ಯಂತ್ರಗಳನ್ನು ಆಚೆ ಹಾಕಿದವರು, ಆಕಾಶ ಕಪ್ಪು ಮಾಡಿದವರು ಮನುಷ್ಯರು. ಹಾಗೆ ಮಾಡಿದವರನ್ನು ಕೊಂದುಹಾಕದೆ 1999ನೇ ಇಸವಿಯ ಒಂದು ಕನಸು ಕೊಟ್ಟು ಮಲಗಿಸಿವೆ ಅಂದರೆ, ಇದು ಜೈಲೋ ಆಸ್ಪತ್ರೆಯೋ?

ಸಿದ್ಧಾಂತಕ್ಕೂ ಗಾಳಿಮಾತಿಗೂ ವ್ಯತ್ಯಾಸ ಇದೆ, ಅದನ್ನೂ ಹೇಳಿಬಿಡುತ್ತೇನೆ. ನಿಯೋನ ಪಾಸ್‌ಪೋರ್ಟ್ ಒಂದು ಕ್ಷಣ ಕಾಣಿಸುತ್ತದೆ. ಅದರ ಅವಧಿ ಮುಗಿಯುವ ದಿನ 11 ಸೆಪ್ಟೆಂಬರ್ 2001. ಸಿನಿಮಾ ಬಂದಿದ್ದು 1999ರಲ್ಲಿ. ನಿಜವಾಗಿಯೂ ಹಾಗೇ ಇದೆ, ನಿಲ್ಲಿಸಿ ನೋಡಿ. ಆದರೆ ಇದರಿಂದ ಏನು ಸಾಬೀತಾಯಿತು? ಏನೂ ಇಲ್ಲ. ಕಾಕತಾಳೀಯ. ಫೋನ್ ತಂತಿ ಯಾಕೆ ಬಿಟ್ಟಿದ್ದಾರೆ ಅನ್ನುವುದು ಕಥೆಯೊಳಗಿಂದ ಎದ್ದ ಪ್ರಶ್ನೆ. ಪಾಸ್‌ಪೋರ್ಟ್ ವಿಷಯ ಬರೀ ಫಾರ್ವರ್ಡ್.

ಚೀಟಿ ಬಂತು. ಹತ್ತು ನಿಮಿಷವಂತೆ. ಸರಿ, ಸೈಫರ್ ಒಬ್ಬನೇ ಮ್ಯಾಟ್ರಿಕ್ಸ್ ಒಳಗೆ ಹೇಗೆ ಹೋದ ಅನ್ನುವುದನ್ನೂ, ಎರಡು ಸಲ ಕಾಣಿಸುವ ಕಪ್ಪು ಬೆಕ್ಕನ್ನೂ ಬಿಡುತ್ತೇನೆ. 2003ರಲ್ಲೇ ನಿಕ್ ಬೋಸ್ಟ್ರಮ್ ಅನ್ನುವ ತತ್ವಜ್ಞಾನಿ ನಾವೇ ಕಂಪ್ಯೂಟರ್ ಒಳಗೆ ಇರಬಹುದು ಅಂತ ಒಂದು ಪ್ರಬಂಧ ಬರೆದ, ಅದರ ಬಗ್ಗೆ ನಾಲ್ಕು ಪುಟ ಬರೆದುಕೊಂಡು ಬಂದಿದ್ದೆ. ಹೋಗಲಿ. ಆ ಪ್ರಬಂಧದಲ್ಲೂ ಚಾವಿ ಯಾರ ಹತ್ತಿರ ಇದೆ ಅನ್ನುವ ಚಿಂತೆ ಕಡಿಮೆ.

ಕೋಡಿಗೆ ವಾಪಸ್ ಬರುತ್ತೇನೆ. ಕೆಂಪು ಗುಳಿಗೆ ಈಗ ಏನಾಗಿದೆ ನೋಡಿ. ಸಿನಿಮಾ ಮಾಡಿದ ಇಬ್ಬರೂ ಟ್ರಾನ್ಸ್ ಮಹಿಳೆಯರು. ಹೊರಗೆ ಒಂದು ಹೆಸರು, ಒಳಗೆ ಇನ್ನೊಂದು ಹೆಸರು ಇಟ್ಟುಕೊಂಡು ಬದುಕುವ ನಿಯೋನ ಕಥೆ ಆ ಅನುಭವದ್ದೂ ಹೌದು ಅಂತ ಅಭಿಮಾನಿಗಳು ತುಂಬಾ ಕಾಲದಿಂದ ಹೇಳುತ್ತಿದ್ದರು. 2020ರಲ್ಲಿ ಲಿಲಿ ವಾಚೌಸ್ಕಿ ಅದು ಹೌದು, ಮೊದಲಿನಿಂದಲೂ ಇದ್ದ ಉದ್ದೇಶವೇ ಅದು ಎಂದರು. ಅದೇ ಹೊತ್ತಿಗೆ ಹೆಂಗಸರನ್ನು ಕಂಡರೆ ಉರಿದು ಬೀಳುವ ಗುಂಪುಗಳು ನಾವು ಕೆಂಪು ಗುಳಿಗೆ ನುಂಗಿದವರು ಅಂತ ಹೇಳಿಕೊಂಡು ತಿರುಗುತ್ತಿದ್ದವು. ದಂಗೆಯ ಗುರುತನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು, ಟೀ ಶರ್ಟ್ ಮೇಲೂ ಸಿಗುತ್ತದೆ.

ನಾಲ್ಕನೇ ಸಿನಿಮಾ ಇದನ್ನು ಮುಚ್ಚಿಡುವುದೇ ಇಲ್ಲ. ಹಳೆಯ ಮೂರೂ ಸಿನಿಮಾಗಳು ಅಲ್ಲಿ ಮ್ಯಾಟ್ರಿಕ್ಸ್ ಒಳಗೆ ಮಾರಾಟವಾಗುವ ವಿಡಿಯೋ ಗೇಮ್. ಮಾಡಿದವನು ನಿಯೋನೇ. ಅವನ ದಂಗೆಯ ನೆನಪನ್ನೇ ಅವನ ಕೈಯಲ್ಲಿ ಸರಕು ಮಾಡಿಸಿ, ಅವನನ್ನು ಸಂಬಳಕ್ಕೆ ಕೂರಿಸಿದ್ದಾರೆ. ಕಂಪನಿಯವರು ಬಂದು ಇನ್ನೊಂದು ಭಾಗ ಮಾಡು ಅನ್ನುತ್ತಾರೆ. ವಾರ್ನರ್ ಬ್ರದರ್ಸ್ ಹೆಸರನ್ನೇ ಹೇಳಿ ಬೈಯುತ್ತಾರೆ, ದುಡ್ಡು ಹಾಕಿದವರೂ ಅವರೇ! ನಿಯೋಗೆ ಸುಳ್ಳು ಜಗತ್ತಿನಲ್ಲೇ ಉಳಿಸುವ ನೀಲಿ ಗುಳಿಗೆ ಬರೆದುಕೊಡುವುದು ಅವನ ಮನಸ್ಸಿನ ಡಾಕ್ಟರು, ಆ ಡಾಕ್ಟರೇ ಮ್ಯಾಟ್ರಿಕ್ಸ್ ನಡೆಸುವವನು. ಕೋಡಿಯಿಂದ ಬಿದ್ದ ನೀರನ್ನು ಹಿಡಿದು ಬಾಟಲಿಗೆ ತುಂಬಿ ಕೆರೆಯ ದಡದಲ್ಲೇ ಮಾರುವುದು ಅಂದರೆ ಇದು.

ಇಲ್ಲಿಗೆ ಬಂದಾಗ ನನಗೆ ಕೋಡಿ ಸಿದ್ಧಾಂತದ ಮೇಲೆಯೇ ಅನುಮಾನ ಬರುತ್ತದೆ. ಎಲ್ಲವೂ ಕೋಡಿ ಅಂದುಬಿಟ್ಟರೆ ಯಾರಿಗೆ ಅನುಕೂಲ? ಟೀ ಅಂಗಡಿಯಲ್ಲಿ ಕೇಳಿರುತ್ತೀರಿ. "ಹೋರಾಟನೂ ಅವರೇ ಮಾಡ್ಸೋದು ಬಿಡಿ, ಧರಣಿನೂ ಅವರೇ ಕೂರ್ಸೋದು ಬಿಡಿ." ಹಾಗೆ ಹೇಳಿದವರು ಟೀ ಕುಡಿದು ಲೋಟ ಇಟ್ಟು ಮನೆಗೆ ಹೋಗುತ್ತಾರೆ. ತಾನು ಮೋಸ ಹೋಗಲಿಲ್ಲ ಅನ್ನುವ ಸಮಾಧಾನ ಅವರಿಗೆ. ಆರ್ಕಿಟೆಕ್ಟ್ ಆಸೆಪಡುವುದು ಇಂಥ ಪ್ರಜೆಗೇ. ಅವನು ನಿಯೋಗೆ ಅಷ್ಟು ಉದ್ದದ ಭಾಷಣ ಕೊಟ್ಟಿದ್ದೂ ಇದಕ್ಕೇ ಅನ್ನುವುದು ನನ್ನ ಸ್ವಂತ ಸಿದ್ಧಾಂತ. ಎಲ್ಲ ಲೆಕ್ಕ ಹಾಕಿ ಆಗಿದೆ ಅಂತ ನಂಬಿಸಿದರೆ ಮಿಕ್ಕ ಕೆಲಸ ತಾನಾಗಿ ಆಗುತ್ತದೆ.

ನಮ್ಮ ನೀರುಗಂಟಿಯ ಮಗನಿಗೆ ಇದೂ ಗೊತ್ತಿತ್ತು. ಅವತ್ತು ರಾತ್ರಿ ನಾನು, ಹಾಗಾದರೆ ನಿಯೋ ಏನೂ ಮಾಡಲು ಆಗುವುದಿಲ್ಲ ಅಂತಾಯ್ತು ಅಂದೆ. ಅವನು ಅಪ್ಪನ ವಿಷಯ ಹೇಳಿದ. ಕೋಡಿ ಬಿದ್ದ ದಿನ ಅಪ್ಪ ನೆಮ್ಮದಿಯಾಗಿ ಮಲಗುತ್ತಾನೆ. ಅವನು ಬ್ಯಾಟರಿ ಹಿಡಿದು ರಾತ್ರಿ ಏರಿಯ ಮೇಲೆ ನಡೆಯುವುದು ಏಡಿ ಬಿಲ ನೋಡಲು. ಒಂದು ಏಡಿ ತನ್ನ ಪಾಡಿಗೆ ತಾನು ಮನೆ ಮಾಡಿಕೊಂಡಿರುತ್ತದೆ. ಅದಕ್ಕೆ ಕೆರೆ ಒಡೆಯುವ ಉದ್ದೇಶವೇ ಇರುವುದಿಲ್ಲ. ಏರಿ ಹೋಗುವುದು ಅಲ್ಲಿಂದ.

ಈಗ ಆರ್ಕಿಟೆಕ್ಟ್ ಎದುರಿನ ಎರಡು ಬಾಗಿಲು ನೆನಪು ಮಾಡಿಕೊಳ್ಳಿ. ಒಂದರಿಂದ ಹೋದರೆ ಜಯಾನ್ ಮತ್ತೆ ಕಟ್ಟಬಹುದು, ಮನುಷ್ಯಕುಲ ಉಳಿಯುತ್ತದೆ. ಅದು ಕೋಡಿ. ಹಿಂದಿನ ಐವರೂ ಅದರಲ್ಲೇ ಹೋದರು, ಯಾಕೆಂದರೆ ಅವರ ಪ್ರೀತಿ ಎಲ್ಲರ ಮೇಲೆ ಇತ್ತು. ನಿಯೋನ ಪ್ರೀತಿ ಒಬ್ಬಳ ಮೇಲೆ. ಟ್ರಿನಿಟಿ ಬೀಳುತ್ತಿದ್ದಾಳೆ ಅಂತ ಟೀವಿಯಲ್ಲಿ ಕಂಡಿತು, ಇನ್ನೊಂದು ಬಾಗಿಲಿಗೆ ಓಡಿದ. ಅದು ಜಗತ್ತು ಉಳಿಸುವ ಬಾಗಿಲಲ್ಲ. ಲೆಕ್ಕ ತಪ್ಪಿದ್ದು ಅಲ್ಲೇ.

ಆದರೆ ನನ್ನ ಪ್ರಕಾರ ನಾಲ್ಕೂ ಸಿನಿಮಾಗಳಲ್ಲಿ ಎಲ್ಲರಿಗಿಂತ ದೊಡ್ಡ ಏಡಿ ನಿಯೋನೂ ಅಲ್ಲ, ಸ್ಮಿತ್ತೂ ಅಲ್ಲ. ಅದೇ ಮೊಬಿಲ್ ನಿಲ್ದಾಣದಲ್ಲಿ ರೈಲಿಗೆ ಕಾಯುತ್ತಾ ಕೂತ ಒಂದು ಸಂಸಾರ. ಯಜಮಾನನ ಹೆಸರು ರಾಮಕಾಂಡ್ರ, ಹೆಂಡತಿ ಕಮಲ, ಮಗಳು ಸತಿ. ಮೂವರೂ ಪ್ರೋಗ್ರಾಂಗಳು, ನೋಡಲು ನಮ್ಮ ಕಡೆಯವರ ಹಾಗೆ. ಅವನು ಯಂತ್ರಗಳ ವಿದ್ಯುತ್ ಸ್ಥಾವರದಲ್ಲಿ ಮ್ಯಾನೇಜರ್. ಹುಟ್ಟಿಸಿಕೊಂಡ ಮಗಳಿಗೆ ವ್ಯವಸ್ಥೆಯಲ್ಲಿ ಒಂದು ಕೆಲಸ ಇಲ್ಲ. ಕೆಲಸ ಇಲ್ಲದ ಪ್ರೋಗ್ರಾಂ ಅಳಿಸಬೇಕು, ಅದು ನಿಯಮ. ಅಪ್ಪ ಒಪ್ಪಲಿಲ್ಲ. ಭಾಷಣ ಮಾಡಲಿಲ್ಲ, ಕೋಟು ಹಾಕಿಕೊಂಡು ಕುಂಗ್‌ಫು ಮಾಡಲಿಲ್ಲ. ಮೆರೊವಿಂಜಿಯನ್ ಅನ್ನುವ ದಲ್ಲಾಳಿಯ ಹತ್ತಿರ ಹೋಗಿ ವ್ಯವಹಾರ ಕುದುರಿಸಿ, ಮಗಳನ್ನು ಕದ್ದು ಮ್ಯಾಟ್ರಿಕ್ಸ್ ಒಳಗೆ ಸಾಗಿಸಲು ಬಂದಿದ್ದಾನೆ. ಎಲ್ಲರೂ ಹೊರಗೆ ಓಡುವಾಗ ಇವನು ಒಳಗೆ ಕಳಿಸುತ್ತಿದ್ದಾನೆ! ನಿಯೋ ಆಶ್ಚರ್ಯದಿಂದ, ಪ್ರೋಗ್ರಾಂಗೆ ಪ್ರೀತಿ ಅಂದರೆ ಏನು ಗೊತ್ತು ಅನ್ನುವ ಹಾಗೆ ಮಾತಾಡುತ್ತಾನೆ. ಇವನು ತುಂಬಾ ಸಮಾಧಾನದಿಂದ ಉತ್ತರ ಕೊಡುತ್ತಾನೆ. ಕಚೇರಿಯಲ್ಲಿ ಇಪ್ಪತ್ತೈದು ವರ್ಷ ಸರ್ವಿಸ್ ಮಾಡಿದವರ ಸಮಾಧಾನ ಅದು. ಮೂರನೇ ಸಿನಿಮಾ ಕೊನೆಯಲ್ಲಿ ಆಕಾಶ ತುಂಬ ಬಣ್ಣ ಬರುತ್ತದಲ್ಲ, ಅದನ್ನು ನಿಯೋಗೋಸ್ಕರ ಮಾಡಿದ್ದು ಆ ಕೆಲಸಕ್ಕೆ ಬಾರದ ಮಗು. ನಾಲ್ಕನೆಯದರಲ್ಲಿ ಅವಳು ದೊಡ್ಡವಳಾಗಿದ್ದಾಳೆ, ಪ್ರಿಯಾಂಕಾ ಚೋಪ್ರಾ ಆಗಿದ್ದಾಳೆ, ಟ್ರಿನಿಟಿಯನ್ನು ಬಿಡಿಸುವ ಉಪಾಯ ಅವಳದೇ.

ಅಭಿಮಾನಿಗಳ ಸಿದ್ಧಾಂತಗಳಲ್ಲಿ ರಾಮಕಾಂಡ್ರನಿಗೆ ಸಿಗಬೇಕಾದ ಜಾಗ ಸಿಕ್ಕಿಲ್ಲ ಅನ್ನುವುದು ನನ್ನ ದೂರು. ಪದರದ ಮೇಲೆ ಪದರ ಎಣಿಸಿದವರು ಈ ಮ್ಯಾನೇಜರನ್ನು ದಾಟಿಕೊಂಡು ಹೋದರು. ನೀವು ಯಾರಾದರೂ ಅವನ ಮೇಲೆ ಒಂದು ಸಿದ್ಧಾಂತ ಕಟ್ಟಿ, ನಾನು ಮುಂದಿನ ಸಲ ಬಂದು ಮೊದಲನೇ ಸಾಲಿನಲ್ಲಿ ಕೂತು ಕೇಳುತ್ತೇನೆ.

ಎರಡನೇ ಚೀಟಿಯೂ ಬಂತು. ಪ್ರಶ್ನೆಗಳಿದ್ದರೆ ಕೇಳಿ. ಸಾರ್, ಮೊದಲು ನಿಮ್ಮದೇ. ಸೈಫರ್ ಒಳಗೆ ಹೇಗೆ ಹೋದ ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರ ರೆಡಿ ಇದೆ. ಕೊನೆಯಲ್ಲಿ ನಿಯೋ ಸತ್ತನಾ ಬದುಕಿದನಾ ಅಂತ ಮಾತ್ರ ಕೇಳಬೇಡಿ, ಅದನ್ನು ವಾರ್ನರ್ ಬ್ರದರ್ಸ್‌ನವರು ಟಿಕೆಟ್ ಇಟ್ಟು ಹೇಳಿದ್ದಾರೆ.